ದೀನಿ ತಾಲೀಮೂ (ಧಾರ್ಮಿಕ ಶಿಕ್ಷಣ) ಬೇಕು, ಡಿಗ್ರಿಯೂ ಬೇಕು ಅನ್ನುವವರಿಗೆ

ಅಸ್ಸಲಾಮು ಅಲೈಕುಂ. ಪುಣೆಯ ಕೊಂಢ್ವಾ, ಕ್ಯಾಂಪ್ ಕಡೆಯ ನಮ್ಮ ಕನ್ನಡದ ಮಕ್ಕಳು ಮತ್ತೆ ಮತ್ತೆ ಕೇಳುವ ಮಾತು ಇದು: ನನಗೆ ಹಿಫ್ಜ್ ಮಾಡುವ, ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡುವ ಆಸೆ, ಮನೆಯಲ್ಲಿ ಇಂಜಿನಿಯರಿಂಗ್ ಹಟ.

ಅಬ್ಬಾ-ಅಮ್ಮಿ ಹತ್ತಿರ ವಾದಕ್ಕೆ ಇಳಿಯಬೇಡಿ. ಅವರಿಗೆ ದೀನಿನ ಮೇಲೆ ಅಸಡ್ಡೆಯಿಲ್ಲ, ನಿಮ್ಮ ಹೊಟ್ಟೆಪಾಡಿನ ಚಿಂತೆ ಇದೆ. ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿ ಸಂಸಾರ ನಡೆಸಿದವರಿಗೆ ಅದು ಇರುವುದೇ.

ಅವರಿಗೆ ಲೆಕ್ಕ ತೋರಿಸಿ. ಮದೀನಾ ಮುಸ್‌ಹಫ್‌ನಲ್ಲಿ (ಮದೀನಾದಲ್ಲಿ ಅಚ್ಚಾಗುವ ಕುರ್‌ಆನ್ ಪ್ರತಿ) 604 ಪುಟ. ಫಜರ್ (ಮುಂಜಾವಿನ) ನಮಾಜ್ ಆದ ಮೇಲೆ ದಿನಕ್ಕೆ ಅರ್ಧ ಪುಟ ಬಾಯಿಪಾಠ ಮಾಡಿದರೆ 3 ವರ್ಷ 4 ತಿಂಗಳು. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಹೊಸ ಸಬಕ್ (ಪಾಠ) ಬೇಡ, ಹಳೆಯದನ್ನೇ ಓದಿ ಗಟ್ಟಿ ಮಾಡಿಕೊಳ್ಳಿ. ಅದನ್ನು ಬಿಟ್ಟರೆ ಕಲಿತದ್ದೂ ಕೈತಪ್ಪುತ್ತದೆ. ಎಲ್ಲ ಸೇರಿ 4 ವರ್ಷ, ಇಂಜಿನಿಯರಿಂಗ್‌ಗೂ ಅಷ್ಟೇ. ಈ ವೇಳಾಪಟ್ಟಿಯನ್ನು ಬರೆದು ಅಡುಗೆಮನೆಯಲ್ಲಿ ಅಮ್ಮಿಗೆ ಕಾಣುವಂತೆ ಅಂಟಿಸಿ.

ಪೂರ್ತಿ ಮದರಸಾಕ್ಕೇ ಸೇರುವವರು ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) 10, 12ನೇ ತರಗತಿ ಕಟ್ಟಬಹುದು. ಪರೀಕ್ಷೆ ಬರೆಯಲು 5 ವರ್ಷದಲ್ಲಿ 9 ಅವಕಾಶ ಸಿಗುತ್ತವೆ. ಆಮೇಲೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ. ಮೊದಲು ನೋಂದಣಿ ಮಾಡಿಸಿ, ರಸೀದಿ ಅಬ್ಬಾ ಕೈಗೆ ಕೊಟ್ಟು ಮಾತು ಶುರು ಮಾಡಿ.

ಇನ್ನೂ ಒಪ್ಪದಿದ್ದರೆ ನಿಮ್ಮ ಉಸ್ತಾದರನ್ನು (ಮದರಸಾದ ಗುರುಗಳನ್ನು) ಒಂದು ಭಾನುವಾರ ಚಹಾಕ್ಕೆ ಕರೆಯಿರಿ, ಹಿರಿಯರು ಹಿರಿಯರ ಜೊತೆ ಮಾತಾಡಲಿ.