ಮನೆಯಂಗಳದಲ್ಲೇ ಗೇರ್ ಆಯಿಲ್ ಬದಲಿಸುವುದು ಹೇಗೆ?

ಎಂಜಿನ್ ಆಯಿಲ್ ಬದಲಿಸುವ ದಿನ ಎಲ್ಲರಿಗೂ ನೆನಪಿರುತ್ತದೆ. ಗೇರ್ ಬಾಕ್ಸ್‌ನೊಳಗೂ ಆಯಿಲ್ ಇದೆ ಎಂಬುದು ಗೇರ್ ಬಿಗಿಯಾದಾಗಲೇ ಹೊಳೆಯುವುದು. ಸಾಮಾನ್ಯವಾಗಿ 40,000ದಿಂದ 80,000 ಕಿ.ಮೀ. ಒಳಗೆ ಅದನ್ನು ಬದಲಿಸಬೇಕು; ನಿಮ್ಮ ಕಾರಿನ ಲೆಕ್ಕ ಕೈಪಿಡಿಯಲ್ಲಿರುತ್ತದೆ. ಆಗುಂಬೆಯ 14 ತಿರುವುಗಳನ್ನೋ ಹುಲಿಕಲ್ ಘಾಟಿಯನ್ನೋ ವಾರವಾರವೂ ಹತ್ತಿಳಿಯುವವರು ಆ ಲೆಕ್ಕ ತುಂಬುವವರೆಗೂ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದ ಕಾರಾದರಂತೂ ಕಿಲೋಮೀಟರ್ ನೋಡುವುದೇ ಬೇಡ.

ಕೈಯಲ್ಲಿ ಗೇರ್ ಹಾಕುವ, ಮುಂದಿನ ಚಕ್ರಗಳು ಎಳೆಯುವ ಕಾರುಗಳಿಗೆ ಮಾತ್ರ ಈ ವಿಧಾನ. ಆಟೊಮ್ಯಾಟಿಕ್ ಕಾರುಗಳಲ್ಲಿ ಅನೇಕವಕ್ಕೆ ನಿರ್ದಿಷ್ಟ ಉಷ್ಣತೆಯಲ್ಲೇ ಆಯಿಲ್ ಮಟ್ಟ ಅಳೆಯಬೇಕಾಗುತ್ತದೆ. ಅವನ್ನು ಗ್ಯಾರೇಜಿಗೇ ಬಿಡಿ.

ಮೊದಲು ಆಯಿಲ್ ಆಯ್ಕೆ. ದುಡ್ಡು ಹಾಳಾಗುವುದು ಇಲ್ಲಿಯೇ. ಡಬ್ಬಿಯ ಮೇಲೆ 75ಡಬ್ಲ್ಯು-80, 75ಡಬ್ಲ್ಯು-90 ಎಂಬಂಥ ಅಂಕಿಗಳು ಆಯಿಲ್ ಎಷ್ಟು ಮಂದ ಎಂಬುದನ್ನು ಹೇಳುತ್ತವೆ. ಜೊತೆಗೆ ಗೇರ್ ಆಯಿಲ್‌ನ ಬಗೆ ಸೂಚಿಸುವ ಜಿಎಲ್-4 ಅಥವಾ ಜಿಎಲ್-5 ಎಂದೂ ಬರೆದಿರುತ್ತದೆ. ಐದು ನಾಲ್ಕಕ್ಕಿಂತ ಮೇಲು ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಗೇರ್ ಸಲೀಸಾಗಿ ಬೀಳಲು ನೆರವಾಗುವ, ಗೇರ್ ಬಾಕ್ಸ್‌ನೊಳಗಿನ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳನ್ನು ಅದು ಸವೆಸಬಹುದು. ಕೈಪಿಡಿ ಜಿಎಲ್-4 ಎಂದಿದ್ದರೆ ಅದನ್ನೇ ತನ್ನಿ. ಸಣ್ಣ ಕಾರುಗಳಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ. ಆಯಿಲ್ ಇಳಿಸುವ ಮತ್ತು ತುಂಬುವ ಎರಡೂ ಬೋಲ್ಟ್‌ಗಳಿಗೆ ಹೊಸ ವಾಷರ್ ತರುವುದನ್ನು ಮರೆಯಬೇಡಿ.

ಇನ್ನು ಜಾಗ. ನಮ್ಮ ಕಡೆ ಮನೆಗಳ ಮುಂದೆ ಇಳಿಜಾರೇ ಹೆಚ್ಚು. ಇಳಿಜಾರಿನಲ್ಲಿ ಈ ಕೆಲಸ ಸಲ್ಲದು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಮತಟ್ಟಾಗಿರುತ್ತದೆ, ಆದರೆ ಕೊಯ್ಲು ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ಅಡಿಕೆ ಹರಡುವ ಜಾಗದಲ್ಲಿ ಆಯಿಲ್ ಕಲೆ ಬಿದ್ದರೆ ಮನೆಯವರಿಗೆ ಉತ್ತರ ಹೇಳುವುದು ಕಷ್ಟ.

ಐದಾರು ಕಿಲೋಮೀಟರ್ ಓಡಿಸಿ ಬಂದರೆ ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು ಜಾಕ್ ಏರಿಸಿ. ಆಮೇಲೆ ಕಾರಿನ ಭಾರವನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬಾರದು. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವ ರೂಢಿ ಹಲವರಿಗಿದೆ. ಗೋಡೆಗೆ ಒಳ್ಳೆಯ ಕಲ್ಲೇ ಇರಬಹುದು, ಕಾರಿನ ಕೆಳಗೆ ಅದು ಯಾವ ಕ್ಷಣದಲ್ಲಾದರೂ ಸೀಳಬಹುದು.

ಗೇರ್ ಬಾಕ್ಸ್‌ನಲ್ಲಿ ಎರಡು ಬೋಲ್ಟ್ ಇರುತ್ತವೆ: ತಳದಲ್ಲಿ ಡ್ರೈನ್ ಬೋಲ್ಟ್, ಪಕ್ಕದಲ್ಲಿ ತುಸು ಮೇಲೆ ಫಿಲ್ಲರ್ ಬೋಲ್ಟ್. ಮೇಲಿನದನ್ನೇ ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದಿದ್ದರೆ, ಗ್ಯಾರೇಜಿಗೆ ಓಡಿಸಿಕೊಂಡು ಹೋಗಲೂ ಆಗದ ಕಾರು ಅಂಗಳದಲ್ಲಿ ಉಳಿಯುತ್ತದೆ. ನಮ್ಮ ಮಳೆಗೆ ತುಕ್ಕು ಹಿಡಿಯುವುದು ಅಪರೂಪವೇನಲ್ಲ. ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹಿಂದಿನ ರಾತ್ರಿಯೇ ಬಿಡಿ.

ಈಗ ಅಗಲ ಬಾಯಿಯ ಹಳೆಯ ಪಾತ್ರೆ ಇಟ್ಟು ಡ್ರೈನ್ ಬೋಲ್ಟ್ ತೆಗೆಯಿರಿ. ಆಯಿಲ್ ಇಳಿಯಲು ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಬೋಲ್ಟ್‌ನ ತುದಿ ನೋಡಿ. ಅಲ್ಲಿ ಅಯಸ್ಕಾಂತವಿದ್ದರೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿರುತ್ತದೆ. ಅದು ಸಹಜ ಸವೆತ, ಒರೆಸಿಬಿಡಿ. ಉಗುರಿಗೆ ಸಿಗುವಂಥ ಲೋಹದ ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಓಡಿ ಬಿಸಿಯಾದ ಗೇರ್ ಬಾಕ್ಸ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಸಣ್ಣ ರಂಧ್ರದಿಂದಲೋ ಹಳೆಯ ಸೀಲ್‌ಗಳಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿದ್ದರೆ ಹೊಸ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಬದಲಿಸಿ.

ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟ್ ಬಿಗಿ ಮಾಡಿ. ಗೇರ್ ಬಾಕ್ಸ್‌ನ ಕವಚ ಅಲ್ಯೂಮಿನಿಯಂನದು, ತೋಳ್ಬಲ ತೋರಿಸಿದರೆ ಬೋಲ್ಟ್ ಕೂರುವ ತಿರುಪಿನ ಮರೆ ಕಿತ್ತು ಬರುತ್ತದೆ. ಎಷ್ಟು ಬಿಗಿ ಮಾಡಿದ್ದೇವೆಂದು ತಿಳಿಸುವ ಟಾರ್ಕ್ ವ್ರೆಂಚ್ ಇದ್ದರೆ ಒಳ್ಳೆಯದು.

ತುಂಬುವಾಗ ಕಾರು ಮುಂದೆ, ಹಿಂದೆ ಒಂದೇ ಮಟ್ಟದಲ್ಲಿರಬೇಕು. ಮುಂಭಾಗವನ್ನಷ್ಟೇ ಎತ್ತಿದ್ದರೆ ಕೆಳಗಿಳಿಸಿ, ಬಾನೆಟ್ ಕಡೆಯಿಂದ ಉದ್ದ ಪೈಪ್ ಇಳಿಬಿಟ್ಟು ಆಲಿಕೆಯಲ್ಲಿ ಹೊಯ್ಯಿರಿ. ಆಯಿಲ್ ನಿಧಾನವಾಗಿ ಇಳಿಯುತ್ತದೆ, ಅವಸರಿಸಬೇಡಿ. ಬಹುತೇಕ ಕಾರುಗಳಲ್ಲಿ ಫಿಲ್ಲರ್ ರಂಧ್ರದ ಅಂಚಿನಿಂದ ತೊಟ್ಟಿಕ್ಕಲು ತೊಡಗಿದರೆ ಸಾಕಾಯಿತು ಎಂದು ಲೆಕ್ಕ. ಬೋಲ್ಟ್ ಹಾಕಿ, ಒಂದು ಸುತ್ತು ಓಡಿಸಿ ಎಲ್ಲ ಗೇರ್‌ಗಳನ್ನೂ ಬದಲಿಸಿ ನೋಡಿ. ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ರಟ್ಟಿನಲ್ಲಿ ಕಲೆಯಿದೆಯೇ ಗಮನಿಸಿ. ರಟ್ಟನ್ನು ರಾತ್ರಿಯೇ ಹಾಸಿಡಿ.

ಹಳೆಯ ಆಯಿಲನ್ನು ಗೆದ್ದಲು ತಡೆಯಲೆಂದು ಬೇಲಿಗೂಟಕ್ಕೆ ಬಳಿಯುವವರಿದ್ದಾರೆ. ತೋಟದ ಕಪ್ಪುಗಳಲ್ಲಿ, ಅಂದರೆ ಬಸಿಗಾಲುವೆಗಳಲ್ಲಿ, ನೀರು ಹರಿದು ಕೊನೆಗೆ ಹಳ್ಳ ಸೇರುವ ಊರಿನಲ್ಲಿ ಅದು ಬೇಡ. ಡಬ್ಬಿಗೆ ತುಂಬಿ, ಹಳೆಯ ಆಯಿಲ್ ಶೇಖರಿಸುವ ಗ್ಯಾರೇಜಿಗೆ ಕೊಡಿ. ಬ್ಯಾರೆಲ್ ಇಟ್ಟುಕೊಂಡವರು ಬೇಡವೆನ್ನುವುದಿಲ್ಲ, ಅದಕ್ಕೂ ಬೆಲೆಯಿದೆ.