ಸೇಂಟ್ ಏಡನ್ಸ್‌ನಲ್ಲಿ ಒದ್ದೆಯಾಗದೆ ಉಳಿದ ಲಾಗ್

ಲೀಡ್ಸ್ ನಗರದ ಆಗ್ನೇಯಕ್ಕಿರುವ ಸೇಂಟ್ ಏಡನ್ಸ್ ಪಕ್ಷಿಧಾಮದ ಅಂಚಿನಲ್ಲಿ ನಾನು ಇಟ್ಟ ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಹುಡುಕುವ ಆಟಕ್ಕಾಗಿ ಬಚ್ಚಿಟ್ಟ ಡಬ್ಬಿ) ಎರಡು ಚಳಿಗಾಲಗಳನ್ನು ದಾಟಿದೆ. ಮೊದಲ ದಿನ ಹಾಕಿದ ಲಾಗ್, ಅಂದರೆ ಹುಡುಕಿದವರು ಸಹಿ ಹಾಕುವ ಕಾಗದದ ಸುರುಳಿಯೇ, ಇಂದಿಗೂ ಒಳಗಿದ್ದು, ಅದರ ಮೇಲಿನ ಸುಮಾರು ತೊಂಬತ್ತು ಸಹಿಗಳಲ್ಲಿ ಒಂದರ ಶಾಯಿಯೂ ಹರಡಿಲ್ಲ. ಡಬ್ಬಿಯನ್ನು ಬಾಯಿ ಕೆಳಗಾಗಿ ತೂಗುಹಾಕುತ್ತೇನೆಂದಾಗ, ನನಗಿಂತ ಹೆಚ್ಚು ಅನುಭವವಿದ್ದವರೆಲ್ಲ ಅದು ಒಂದು ತಿಂಗಳೂ ಬಾಳುವುದಿಲ್ಲ ಎಂದಿದ್ದರು.

ಇಲ್ಲಿ ನೀರೇ ದೊಡ್ಡ ಸಮಸ್ಯೆ. ಇದು ಹಿಂದೆ ತೆರೆದ ಕಲ್ಲಿದ್ದಲು ಗಣಿಯಾಗಿತ್ತು. 1988ರಲ್ಲಿ ಏರ್ ನದಿಯ ದಂಡೆ ಕುಸಿದು ನದಿಯೇ ಗಣಿಯೊಳಗೆ ನುಗ್ಗಿತು. ಮತ್ತೆ ಕಲ್ಲಿದ್ದಲು ತೆಗೆಯಲು ಸುಮಾರು ಒಂದು ದಶಕವೇ ಹಿಡಿಯಿತು. ಗಣಿಗಾರಿಕೆ ಮುಗಿದ ಮೇಲೆ ಅಲ್ಲಿ ಕೆರೆ, ಜೊಂಡು ಮತ್ತು ಹುಲ್ಲುಗಾವಲು ಬೆಳೆದಿವೆಯಾದರೂ ಪ್ರವಾಹದ ದಿನಗಳಲ್ಲಿ ನದಿಯ ನೀರು ಇಂದಿಗೂ ಅಲ್ಲಿಯೇ ಹರಡಿ ನಿಲ್ಲುತ್ತದೆ.

ಈಗಿನ ಡಬ್ಬಿಗೂ ಮೊದಲು ನಾನಿಟ್ಟಿದ್ದ ಕ್ಯಾಮೆರಾ ಫಿಲ್ಮಿನ ಡಬ್ಬಿಯಲ್ಲಿ ಲಾಗ್ ಮೂರು ವಾರಗಳಲ್ಲಿ ಮುದ್ದೆಯಾಯಿತು. ಆರು ಪೌಂಡ್ ಕೊಟ್ಟು ತಂದ ಕ್ಲಿಪ್ ಮುಚ್ಚಳದ ಡಬ್ಬಿಯ ರಬ್ಬರಿನ ಅಂಚಿಗೆ ಮರಳು ಸೇರಿಕೊಂಡಿತು, ಜನವರಿಯ ಹಿಮದಲ್ಲಿ ಕ್ಲಿಪ್ ಮುರಿಯಿತು, ಒಳಗಿಟ್ಟಿದ್ದ ಜಿಪ್ ಚೀಲವಂತೂ ನೀರನ್ನು ತಡೆಯುವ ಬದಲು ಹಿಡಿದಿಟ್ಟುಕೊಂಡಿತು. ಹನ್ನೊಂದು ಪೌಂಡಿನ ಉಕ್ಕಿನ ಡಬ್ಬಿಯೊಳಗೆ ತೇವವು ಹನಿಗಟ್ಟಿತು. ಪ್ರತಿ ಬಾರಿಯೂ ಬಸ್ಸಿಗೆ ನಾಲ್ಕು ಪೌಂಡ್. ಅಂತೂ ಎಪ್ಪತ್ತು ಪೌಂಡಿನ ಆಸುಪಾಸು ಕೈಬಿಟ್ಟಿತು. ಕೊನೆಗೆ ಗೆದ್ದದ್ದು ಒಂದು ಪೌಂಡಿನ ಪೆಟ್ಲಿಂಗ್ (ಊದಿ ಬಾಟಲಿ ಮಾಡುವ ಮೊದಲಿನ, ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್) ಕೊಳವೆ.

ತಲೆಕೆಳಗು ಮಾಡುವ ಯೋಚನೆಯನ್ನು ಮೊದಲು ಮನೆಯ ಬಕೆಟ್ಟಿನಲ್ಲಿ ಪರೀಕ್ಷಿಸಿದೆ. ಎರಡು ಕೊಳವೆಗಳಲ್ಲಿ ಟಿಶ್ಯೂ ಕಾಗದ ತುರುಕಿ, ಅವಸರದಲ್ಲಿ ಹಾಕಿದವರ ಕೈಯಂತೆ ಮುಚ್ಚಳವನ್ನು ಬೇಕೆಂದೇ ಅರ್ಧ ಸುತ್ತು ಸಡಿಲಿಸಿ, ಒಂದನ್ನು ನೆಟ್ಟಗೆ, ಇನ್ನೊಂದನ್ನು ಬಾಯಿ ಕೆಳಗಾಗಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ನೆಟ್ಟಗಿದ್ದುದರೊಳಗಿನ ಕಾಗದ ಕರಗಿ ಹಿಟ್ಟಾಗಿತ್ತು. ಬಾಯಿ ಕೆಳಗಾಗಿದ್ದುದರಲ್ಲಿ ಗಾಳಿಯೇ ನೀರನ್ನು ತಡೆದಿದ್ದರಿಂದ ಕಾಗದದ ಕೆಳತುದಿ ಒಂದು ಉಗುರಿನಷ್ಟು ಮಾತ್ರ ನೆನೆದಿತ್ತು. ಮಳೆಯಲ್ಲಿಯೂ ಅಷ್ಟೇ: ಮುಚ್ಚಳದ ಸಂದಿನಲ್ಲಿ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಮುಚ್ಚಳ ತೆರೆದ ಕೂಡಲೇ ಲಾಗ್ ಕೆಸರಿಗೆ ಬೀಳುತ್ತದೆ ಎಂಬುದೇ ಎಲ್ಲರ ದೊಡ್ಡ ಆಕ್ಷೇಪವಾಗಿತ್ತು. ನನ್ನ ಸುರುಳಿ ಬೀಳುವುದಿಲ್ಲ. ಅದನ್ನು ಹೇಗೆ ನಿಲ್ಲಿಸಿದ್ದೇನೆ ಎಂಬುದನ್ನು ಹುಡುಕಿ ತೆಗೆದವರು ತಮ್ಮ ಕೈಯಲ್ಲೇ ನೋಡಲಿ ಎಂದು ಇಲ್ಲಿ ಬರೆಯುತ್ತಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಮ್ಮಮ್ಮ ಉಪ್ಪಿನ ಡಬ್ಬಿಗೆ ಅಕ್ಕಿಕಾಳು ಹಾಕುತ್ತಿದ್ದುದು ನೆನಪಾಗಿ, ತೇವ ಹೀರುವ ಸಿಲಿಕಾ ಜೆಲ್ ಬದಲು ಒಂದು ಚಿಟಿಕೆ ಅಕ್ಕಿ ಹಾಕಿದೆ. ಯಾರ್ಕ್‌ಷೈರಿನ ತೇವಕ್ಕೆ ಅದು ಎರಡು ತಿಂಗಳಲ್ಲಿ ಬೂಷ್ಟು ಹಿಡಿಯಿತು. ಸುರುಳಿಗೆ ನೀರು ಹೀರದ ಕಾಗದವನ್ನೇ ಬಳಸಿದರೆ ಸಿಲಿಕಾ ಜೆಲ್ ಕೂಡ ಬೇಕಾಗುವುದಿಲ್ಲ ಎಂಬುದು ಈಗ ನನ್ನ ಅಭಿಪ್ರಾಯ.

ಕ್ಯಾಶನ್ನು ಮಲ್ಟಿಯಾಗಿ, ಅಂದರೆ ಹಂತ ಹಂತವಾಗಿ ಉತ್ತರ ಹುಡುಕಿ ಕೊನೆಗೆ ಡಬ್ಬಿಯನ್ನು ತಲುಪುವಂತೆ ರೂಪಿಸಿ, ಧಾಮದೊಳಗಿನ ಹಂತಗಳಲ್ಲಿ ಡಬ್ಬಿಯನ್ನೇ ಇಡಲಿಲ್ಲ. ದಾರಿ ಬಿಡದೆ ನಿಂತು ಉತ್ತರಿಸಬಹುದಾದ ಪ್ರಶ್ನೆಗಳನ್ನಷ್ಟೇ ಇಟ್ಟೆ. ಜೊಂಡಿನಲ್ಲಿ ಬಿಟರ್ನ್ ಹಕ್ಕಿಗಳಿರುವ ಜಾಗದಲ್ಲಿ ಜನ ಪೊದೆ ಕೆದಕಬಾರದು. ಅನುಮತಿ ದೊರೆತದ್ದೂ ಇದರಿಂದಲೇ. ಡಬ್ಬಿಯಿಲ್ಲದ ಹಂತಗಳಿಗೆ, ಬೇರೆ ಬೇರೆ ಕ್ಯಾಶ್‌ಗಳ ಡಬ್ಬಿಗಳ ನಡುವೆ ಇರಬೇಕಾದ 161 ಮೀಟರಿನ ಅಂತರದ ನಿಯಮವೂ ಅಡ್ಡಬರಲಿಲ್ಲ. ಮೊದಲ ಪ್ರಶ್ನೆ ಇರುವುದು ಆಡ್‌ಬಾಲ್ ಬಳಿ. ಗಣಿ ಅಗೆಯುತ್ತ ಹೆಜ್ಜೆಯಿಟ್ಟು ಚಲಿಸುತ್ತಿದ್ದ ಆ ಡ್ರ್ಯಾಗ್‌ಲೈನ್ ಯಂತ್ರ ಸುಮಾರು 1200 ಟನ್ ತೂಗುತ್ತದೆ. ಅದರ ಪಕ್ಕದಲ್ಲಿ ನನ್ನ ಫೋನಿನ ಜಿಪಿಎಸ್ ಹತ್ತು ಹನ್ನೆರಡು ಮೀಟರ್ ಅಲೆದಾಡಿತು. ಪ್ರಶ್ನೆಗೆ ಆ ತಪ್ಪಿನಿಂದ ಬಾಧೆಯಿಲ್ಲ. ಡಬ್ಬಿಯಿರುವ, ಬೇಲಿಯಾಚೆಯ ಕೊನೆಯ ಹಂತವಾದ ಫೈನಲ್‌ಗೆ ಮಾತ್ರ ನಾಲ್ಕು ಬೇರೆ ಬೇರೆ ದಿನ ಹೋಗಿ ಅಳೆದು ಸರಾಸರಿ ತೆಗೆದೆ. ಮೂರು ಮೀಟರಿನೊಳಗೇ ಸಿಗುತ್ತದೆಂದು ಹುಡುಕಿದವರು ಬರೆದಿದ್ದಾರೆ.

ಮರಕ್ಕೆ ಮೊಳೆ ಹೊಡೆಯದೆ, ಹಸಿರು ಹೊದಿಕೆಯ ತಂತಿಯಿಂದ ವಿಲೋ ಮರದ ಕವಲಿಗೆ, ನೀರು ತಲುಪದು ಎಂದು ನಾನು ಅಂದಾಜಿಸಿದ ಎತ್ತರದಲ್ಲಿ ಕೊಳವೆಯನ್ನು ತೂಗುಹಾಕಿದ್ದೆ. ಕಳೆದ ಚಳಿಗಾಲದ ಪ್ರವಾಹ ಇಳಿದ ಮೇಲೆ ಹೋಗಿ ನೋಡಿದಾಗ, ಕಾಂಡದ ಮೇಲಿನ ಕೆಸರಿನ ಗೆರೆ ಮುಚ್ಚಳಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಕೈ ಒರೆಸಿಕೊಂಡು ಮುಚ್ಚಳ ತಿರುಗಿಸಿ ಸುರುಳಿ ಬಿಡಿಸಿದೆ. ಕಾಗದ ಗರಿಗರಿಯಾಗಿಯೇ ಇತ್ತು.