ಹೊಸಬರಿಗೆ ಮಾರ್ಗದರ್ಶಿ: ಮನೆಯ ಪೆಲೆಟ್ ಒಲೆಯ ಆರೈಕೆ, ತೊಂದರೆ ಬಂದಾಗ ನೋಡಬೇಕಾದದ್ದು

ಚಳಿಯ ನಾಡಿಗೆ ಹೊಸದಾಗಿ ಬಂದ ಕುಟುಂಬಗಳು ಹಿಡಿಯುವ ಮನೆಗಳಲ್ಲಿ ಕೆಲವೊಮ್ಮೆ ನಡುಮನೆಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಬ್ಬಿಣದ ಪೆಟ್ಟಿಗೆ ಕೂತಿರುತ್ತದೆ. ನೋಡಲು ಕಟ್ಟಿಗೆ ಒಲೆ, ಆದರೆ ಬೆನ್ನಿಂದ ಕರೆಂಟಿನ ವೈರ್ ಹೊರಟಿರುತ್ತದೆ. ಅದೇ ಪೆಲೆಟ್ ಒಲೆ, ಅಂದರೆ ಮರದ ಪುಡಿಯನ್ನು ಅದುಮಿ ಮಾಡಿದ ತುಂಡುಗಳನ್ನು ಉರಿಸಿ ಮನೆ ಬೆಚ್ಚಗಿಡುವ ಒಲೆ. ಹಿಂದೆ ಇದ್ದವರು ಕೈಪಿಡಿಯನ್ನು ಎಲ್ಲಿಟ್ಟರೋ ತಿಳಿಯದು. ಮೊದಲ ಚಳಿಯ ರಾತ್ರಿ ಒಲೆ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಪರದೆಯ ಮೇಲೆ ಯಾವುದೋ ಸಂಖ್ಯೆ ಮಿನುಗುತ್ತದೆ. ಹೊಸಬರಿಗೆ ನೆರವಾಗುವ ನಮ್ಮ ಸಂಘಕ್ಕೆ ಫೋನ್ ಬರುವುದು ಆಗ.

ಅಂಥ ಕರೆಗೆ ನಮ್ಮ ಮೊದಲ ಮಾತು: ಒಲೆ ಕೆಟ್ಟಿಲ್ಲ ಎಂದುಕೊಂಡೇ ಹುಡುಕಲು ಶುರು ಮಾಡಿ. ತಾನಾಗಿ ನಿಂತ ಪೆಲೆಟ್ ಒಲೆ ಬಹುತೇಕ ಸಂದರ್ಭಗಳಲ್ಲಿ ಏನನ್ನೋ ಗಮನಿಸಿ ಬೇಕೆಂದೇ ನಿಂತಿರುತ್ತದೆ. ಆ ಏನೋ ಎಂಬುದು ಹೆಚ್ಚಾಗಿ ಬೂದಿ, ಇಲ್ಲವೇ ಬೂದಿಯಿಂದ ತಡೆದ ಗಾಳಿ. ಸರ್ಕ್ಯೂಟ್ ಬೋರ್ಡ್ ಹೋಗಿದೆ ಎಂದು ಹೊಸದಕ್ಕೆ ಆರ್ಡರ್ ಮಾಡುವ ಮುನ್ನ ಬ್ರಷ್ ಕೈಗೆತ್ತಿಕೊಳ್ಳಿ. ಮೊದಲು ಕೈಪಿಡಿಯನ್ನೂ ಸಂಪಾದಿಸಿಕೊಳ್ಳಿ. ಒಲೆಯ ಬೆನ್ನಿಗೋ ಪೆಲೆಟ್ ಸುರಿಯುವ ಡಬ್ಬದ (ಹಾಪರ್) ಮುಚ್ಚಳದ ಒಳಗೋ ಅಂಟಿಸಿದ ಪಟ್ಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟರೆ ತಯಾರಕರಿಂದ ಕೈಪಿಡಿಯ ಪ್ರತಿ ಸಿಗುತ್ತದೆ. ದೋಷಸಂಖ್ಯೆಗಳ ಅರ್ಥ ಮಾದರಿಯಿಂದ ಮಾದರಿಗೆ ಬೇರೆ, ಹಾಗಾಗಿ ಪಕ್ಕದ ಮನೆಯವರ ಅನುಭವ ಇಲ್ಲಿ ನೆರವಿಗೆ ಬಾರದು.

ಒಳಗೆ ನಡೆಯುವುದೇನು

ಪೆಲೆಟ್ ಎಂದರೆ ಮರದ ಪುಡಿಯನ್ನು ಭಾರೀ ಒತ್ತಡದಲ್ಲಿ ಅದುಮಿ ಮಾಡಿದ, 6ರಿಂದ 8 ಮಿಲಿಮೀಟರ್ ದಪ್ಪದ ತುಂಡುಗಳು. ಒತ್ತಡದ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ ಪುಡಿಯನ್ನು ಬಂಧಿಸುತ್ತದೆ. ಹಾಪರ್ ಎಂಬ ಡಬ್ಬಕ್ಕೆ ಇವನ್ನು ಸುರಿದರೆ, ಅದರ ಬುಡದಲ್ಲಿರುವ ಆಗರ್ ಎಂಬ ಸುರುಳಿ ನಿಧಾನವಾಗಿ ತಿರುಗುತ್ತಾ ನಿಂತು ನಿಂತು ಕೆಲವೇ ತುಂಡುಗಳನ್ನು ಬರ್ನ್ ಪಾಟ್‌ಗೆ ಬೀಳಿಸುತ್ತದೆ. ಬರ್ನ್ ಪಾಟ್ ಎಂಬುದು ತಳದಲ್ಲೂ ಬದಿಗಳಲ್ಲೂ ತೂತುಗಳಿರುವ ಪುಟ್ಟ ಕಬ್ಬಿಣದ ಬಟ್ಟಲು. ಇಗ್ನೈಟರ್ ಎಂಬ ಕಡ್ಡಿ ಕೆಂಪಗೆ ಕಾದು ಮೊದಲ ಕಿಡಿ ಹೊತ್ತಿಸುತ್ತದೆ.

ಫ್ಯಾನ್‌ಗಳು ಎರಡು. ಒಂದು ಕೋಣೆಯ ಗಾಳಿಯನ್ನು ಬಿಸಿ ಕೊಳವೆಗಳ ಮೂಲಕ ಹಾಯಿಸಿ ನಿಮ್ಮತ್ತ ಬೀಸುತ್ತದೆ. ಇನ್ನೊಂದು ಹೊಗೆಯನ್ನು ಹೊರಗೆ ಎಳೆಯುತ್ತದೆ. ಈ ಎರಡನೆಯದು ಅರ್ಥವಾದರೆ ಅರ್ಧ ರಿಪೇರಿ ಕಲಿತಂತೆ. ಊದುಕೊಳವೆಯಿಂದ ನಾವು ಬೆಂಕಿಗೆ ಗಾಳಿ ಊದುತ್ತೇವೆ. ಪೆಲೆಟ್ ಒಲೆ ಮಾಡುವುದು ಅದರ ತಿರುವುಮುರುವು. ಹೊಗೆಯನ್ನು ಎಳೆದುಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಹೊಸ ಗಾಳಿ ಬರ್ನ್ ಪಾಟ್‌ನ ತೂತುಗಳ ಮೂಲಕ ತಾನೇ ನುಗ್ಗುತ್ತದೆ. ಬಾಗಿಲಿನ ಸುತ್ತ ಸೀಳಿದ್ದರೆ ಗಾಳಿ ಅಲ್ಲಿಂದ ಸುಲಭವಾಗಿ ಒಳಬಂದು ಬೆಂಕಿಯ ಬುಡಕ್ಕೆ ತಲುಪದೆ ಹೋಗುತ್ತದೆ. ಹೊಗೆಕೊಳವೆ ಕಟ್ಟಿಕೊಂಡಿದ್ದರೂ ಅದೇ ಪಾಡು.

ಇವೆಲ್ಲದರ ಮೇಲೆ ಮೂರು ಕಾವಲುಗಾರರಿದ್ದಾರೆ. ಒಳಗಿನ ಎಳೆತ ಕಡಿಮೆಯಾದರೆ ವ್ಯಾಕ್ಯೂಮ್ ಸ್ವಿಚ್ ಆಗರ್ ನಿಲ್ಲಿಸುತ್ತದೆ. ನಿಗದಿತ ಸಮಯದಲ್ಲಿ ಬಿಸಿ ಏರದಿದ್ದರೆ, ಬೆಂಕಿ ಹತ್ತಿಲ್ಲ ಎಂದು ಇನ್ನೊಂದು ಸೆನ್ಸರ್ ತೀರ್ಮಾನಿಸಿ ಒಲೆ ಆರಿಸುತ್ತದೆ. ಬಿಸಿ ಮಿತಿ ಮೀರಿದರೆ ಮೂರನೆಯದು ನಿಲ್ಲಿಸುತ್ತದೆ. ಅನೇಕ ಮಾದರಿಗಳಲ್ಲಿ ಇದನ್ನು ಗುಂಡಿ ಒತ್ತಿ ಮತ್ತೆ ಎಬ್ಬಿಸಬೇಕು. ಈ ಸ್ವಿಚ್‌ಗಳ ಎರಡು ವೈರ್ ಜೋಡಿಸಿಬಿಟ್ಟರೆ ಒಲೆ ಓಡುತ್ತದೆ ಎಂದು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಓಡುತ್ತದೆ ನಿಜ, ಕಾವಲಿಲ್ಲದೆ ಓಡುತ್ತದೆ.

ಪೆಲೆಟ್ ಆರಿಸುವುದು, ಇಡುವುದು

ಚೀಲದ ಮೇಲಿನ ದರ್ಜೆ ನೋಡಿ ಕೊಳ್ಳಿ. ಯುರೋಪಿನ ಇಎನ್‌ಪ್ಲಸ್ ಎ1 ದರ್ಜೆಯಲ್ಲಿ ಬೂದಿ ಶೇ. 0.7ಕ್ಕಿಂತ, ತೇವಾಂಶ ಶೇ. 10ಕ್ಕಿಂತ ಹೆಚ್ಚಿರುವಂತಿಲ್ಲ. ಉತ್ತರ ಅಮೆರಿಕದ ಪಿಎಫ್‌ಐ ಪ್ರೀಮಿಯಂ ದರ್ಜೆಯಲ್ಲಿ ಬೂದಿಯ ಮಿತಿ ಶೇ. 1. ವ್ಯತ್ಯಾಸ ಕೂದಲೆಳೆಯಷ್ಟು ಎನಿಸಬಹುದು. ಆದರೆ 15 ಕಿಲೋ ಚೀಲಕ್ಕೆ ಶೇ. 0.7 ಎಂದರೆ ಸುಮಾರು 105 ಗ್ರಾಂ ಬೂದಿ. ಇಎನ್‌ಪ್ಲಸ್‌ನದೇ ಎ2 ದರ್ಜೆಯ ಮಿತಿಯಾದ ಶೇ. 1.2 ಎಂದರೆ 180 ಗ್ರಾಂ. ಅಗ್ಗದ ಚೀಲದಲ್ಲಿ ಉಳಿಸಿದ್ದನ್ನು ವಾರವಿಡೀ ಕೆರೆಯುತ್ತಾ ತೀರಿಸಬೇಕಾಗುತ್ತದೆ.

ನೀರು ತಾಗಿದ ಪೆಲೆಟ್ ಉಬ್ಬಿ ಮತ್ತೆ ಪುಡಿಯಾಗುತ್ತದೆ, ಒಣಗಿಸಿದರೂ ಕೆಲಸಕ್ಕೆ ಬಾರದು. ಚೀಲಗಳನ್ನು ಸಿಮೆಂಟ್ ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಒಲೆಯಿಂದ ದೂರದಲ್ಲಿ, ಗಾಳಿಯಾಡುವ ಕಡೆ ಇಡಿ. ಗಾಳಿಯಾಡುವ ಕಡೆ ಎಂದದ್ದು ಸುಮ್ಮನೆ ಅಲ್ಲ. ಮರದಲ್ಲಿರುವ ಕೊಬ್ಬಿನಂಶ ಗಾಳಿಯೊಡನೆ ವರ್ತಿಸಿ ಪೆಲೆಟ್‌ನಿಂದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ರಾಶಿ ರಾಶಿ ಪೆಲೆಟ್ ತುಂಬಿದ ಮುಚ್ಚಿದ ಉಗ್ರಾಣಗಳಲ್ಲಿ ಇದರಿಂದ ಸಾವುಗಳೂ ಆಗಿವೆ. ನಾಲ್ಕಾರು ಚೀಲಗಳಿಗೆ ಹೆದರಬೇಕಿಲ್ಲ, ಆದರೆ ಇಡೀ ಚಳಿಗಾಲದ ದಾಸ್ತಾನನ್ನು ಕಿಟಕಿಯಿಲ್ಲದ ಕೋಣೆಗೆ ತುಂಬಬೇಡಿ.

ಬೂದಿಯ ಕೆಲಸ

ಶುಚಿ ಮಾಡುವುದು ಒಲೆ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ ತೆಗೆದ ಮೇಲೆ. ದಿನವೂ ನೋಡಬೇಕಾದದ್ದು ಬರ್ನ್ ಪಾಟ್ ಒಂದೇ. ಅದನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ: ತಳದ ಪ್ರತಿ ತೂತಿನಲ್ಲೂ ಬೆಳಕು ಕಾಣಬೇಕು. ಕರಗಿದ ಬೂದಿ ಗಾಜಿನಂತೆ ಗಟ್ಟಿಯಾಗಿ ಕಿಟ್ಟ ಕಟ್ಟಿದ್ದರೆ ಚಪ್ಪಟೆ ಉಳಿಯಿಂದ ಕೆರೆದು ತೆಗೆಯಿರಿ. ಮುಚ್ಚಿದ ತೂತಿಗೆ ತಕ್ಕ ಮೊಳೆ ತೂರಿಸಿ. ಮತ್ತೆ ಕೂರಿಸುವಾಗ ಇಗ್ನೈಟರ್‌ನ ತೂತು ಅದರ ನೇರಕ್ಕೆ ಬಂದಿದೆಯೇ, ಬಟ್ಟಲು ಅಲುಗಾಡದೆ ಕೂತಿದೆಯೇ ನೋಡಿ. ಅಡಿಯಲ್ಲಿ ಒಂದು ಚೂರು ಕಿಟ್ಟ ಸಿಕ್ಕಿಕೊಂಡು ಬಟ್ಟಲು ಓರೆಯಾದರೂ ಸಾಕು, ಮರುದಿನ ಬೆಂಕಿ ಹತ್ತುವುದಿಲ್ಲ.

ವಾರಕ್ಕೊಮ್ಮೆ ಬೂದಿ ತಟ್ಟೆ ಖಾಲಿ ಮಾಡಿ, ಒಳಗೋಡೆಗಳನ್ನೂ ಬಿಸಿ ಕೊಳವೆಗಳನ್ನೂ ಬ್ರಷ್‌ನಿಂದ ಉಜ್ಜಿ. ಕೊಳವೆ ಕೆರೆಯಲು ಎಳೆಯುವ ಸರಳು ಕೆಲವು ಒಲೆಗಳಲ್ಲಿ ಇರುತ್ತದೆ, ಅದನ್ನು ನಾಲ್ಕಾರು ಸಲ ಎಳೆದು ಬಿಡಿ. ಗಾಜಿಗೆ ದುಬಾರಿ ದ್ರಾವಣ ಬೇಡ. ಒದ್ದೆ ಕಾಗದವನ್ನು ನಯವಾದ ಬೂದಿಗೆ ಅದ್ದಿ ಉಜ್ಜಿದರೆ ಹೊಳೆಯುತ್ತದೆ.

ಬೂದಿಯನ್ನು ನಂಬಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಬಿಗಿ ಮುಚ್ಚಳದ ಲೋಹದ ಬಕೆಟ್‌ಗೆ ತುಂಬಿ, ಮನೆಯ ಹೊರಗೆ, ಮರದ ಹಲಗೆಯ ಮೇಲಲ್ಲದೆ ಕಲ್ಲಿನದೋ ಕಾಂಕ್ರೀಟಿನದೋ ನೆಲದ ಮೇಲಿಡಿ. ಕಸದ ಡಬ್ಬಿಗೆ, ಕಾಗದದ ಚೀಲಕ್ಕೆ ಬೇಡವೇ ಬೇಡ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಸಲ್ಲದು: ಒಂದು ಕೆಂಡ ಒಳಹೊಕ್ಕರೆ ಅದರ ಚೀಲವೇ ಉರಿಯುತ್ತದೆ, ಹೊಗೆಯಂಥ ನಯವಾದ ಬೂದಿ ಫಿಲ್ಟರ್ ದಾಟಿ ಮನೆ ತುಂಬುತ್ತದೆ. ಬೂದಿಗೆಂದೇ ಮಾಡಿದ ಲೋಹದ ಡಬ್ಬದ ವ್ಯಾಕ್ಯೂಮ್ ಸಿಗುತ್ತದೆ. ಅದನ್ನು ಬಳಸುವಾಗಲೂ ಬೂದಿ ತಣ್ಣಗಿರಲಿ.

ಹೊಗೆಕೊಳವೆಯ ಬಾಗುಗಳಲ್ಲಿ, ಟಿ ಆಕಾರದ ಜೋಡಣೆಯ ಬುಡದಲ್ಲಿ, ಹೊಗೆ ಎಳೆಯುವ ಫ್ಯಾನಿನ ರೆಕ್ಕೆಗಳ ಮೇಲೆ ಕೂರುವ ಬೂದಿ ಕಣ್ಣಿಗೆ ಬೀಳುವುದಿಲ್ಲ. ವರ್ಷಕ್ಕೆ ಒಂದು ಸಲವಾದರೂ, ಹೆಚ್ಚು ಉರಿಸುವವರು ಋತುವಿನ ಮಧ್ಯೆ ಇನ್ನೊಮ್ಮೆ, ಇದನ್ನೆಲ್ಲ ತೆಗೆಸಬೇಕು. ಮೊದಲ ವರ್ಷ ಬಲ್ಲ ತಂತ್ರಜ್ಞರನ್ನು ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ಆ ಒಂದು ಗಂಟೆಯಲ್ಲಿ ಕಲಿಯುವುದು ಈ ಬರಹಕ್ಕಿಂತ ಹೆಚ್ಚು.

ಬಾಗಿಲಿನ ಸುತ್ತಲಿನ ಹಗ್ಗದಂಥ ಗ್ಯಾಸ್ಕೆಟ್ ಪರೀಕ್ಷಿಸುವುದು ಸುಲಭ. ತಣ್ಣಗಿನ ಒಲೆಯ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗ್ಯಾಸ್ಕೆಟ್ ಸವೆದಿದೆ. ನಾಲ್ಕೂ ಬದಿ ಹೀಗೆ ನೋಡಿ.

ಒಲೆ ಮುನಿದಾಗ

ಜ್ವಾಲೆಯನ್ನು ಓದಲು ಕಲಿಯಿರಿ, ಬೇರೆ ಮೀಟರ್ ಬೇಕಿಲ್ಲ. ಆರೋಗ್ಯದ ಜ್ವಾಲೆ ಗಿಡ್ಡ, ಚುರುಕು, ಬಿಳಿ ಮಿಶ್ರಿತ ಹಳದಿ. ಸಣ್ಣ ಕಿಡಿಗಳು ಮೇಲಕ್ಕೆ ಕುಣಿಯುತ್ತವೆ. ಜ್ವಾಲೆ ಉದ್ದವಾಗಿ, ಸೋಮಾರಿಯಾಗಿ ತೂಗುತ್ತಾ, ಕಿತ್ತಳೆ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಮಸಿ ಉಗುಳುತ್ತಿದ್ದರೆ ಗಾಳಿ ಸಾಲದು. ಗಾಜಿನ ಮೇಲೆ ಬೂದುಬಣ್ಣದ ತೆಳು ಪದರ ಸಹಜ. ಕೆಲವೇ ಗಂಟೆಗಳಲ್ಲಿ ಕಪ್ಪು ಮಸಿ ಕಟ್ಟುವುದು ಸಹಜವಲ್ಲ. ಬರ್ನ್ ಪಾಟ್, ಗ್ಯಾಸ್ಕೆಟ್, ಹೊಗೆಕೊಳವೆ, ಫ್ಯಾನ್, ಹೊರಗಿನಿಂದ ಗಾಳಿ ತರುವ ಕೊಳವೆಯ ಬಾಯಿ, ಈ ಸಾಲಿನಲ್ಲೇ ನೋಡುತ್ತಾ ಹೋಗಿ. ಹಿಮ ಬಿದ್ದ ಮರುದಿನ ಮಾತ್ರ ಹೊರಗಿನ ಬಾಯಿಗಳಿಂದ ಶುರು ಮಾಡಿ.

ಹೊತ್ತಿಕೊಳ್ಳುವುದೇ ಇಲ್ಲವೆಂದರೆ ಗುಂಡಿ ಒತ್ತಿ ಕಿವಿಗೊಡಿ. ಮೊದಲು ಫ್ಯಾನಿನ ಗುಂಯ್ ಸದ್ದು, ಆಮೇಲೆ ಬಟ್ಟಲಿಗೆ ಪೆಲೆಟ್ ಬೀಳುವ ಟಿಕ್ ಟಿಕ್, ಕೆಲವು ನಿಮಿಷಗಳಲ್ಲಿ ಹೊಗೆ, ನಂತರ ಜ್ವಾಲೆ. ಎಲ್ಲಿ ಸದ್ದು ತಪ್ಪಿತೋ ತೊಂದರೆ ಅಲ್ಲಿದೆ. ಫ್ಯಾನ್ ತಿರುಗುತ್ತಿದ್ದೂ ಪೆಲೆಟ್ ಬೀಳದಿದ್ದರೆ ಬಾಗಿಲು, ಹಾಪರ್ ಮುಚ್ಚಳ ಸರಿಯಾಗಿ ಮುಚ್ಚಿವೆಯೇ ನೋಡಿ. ಹಾಪರ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ್ದರೆ ಆಗರ್‌ನ ಕೊಳವೆ ತುಂಬಲು ಹೊತ್ತು ಬೇಕು, ಮೊದಲ ಪ್ರಯತ್ನ ಸೋತರೆ ಗಾಬರಿ ಬೇಡ. ಉದ್ದದ ತುಂಡುಗಳು ಅಡ್ಡಡ್ಡ ಸಿಕ್ಕಿ ಹಾಪರ್‌ನಲ್ಲಿ ಕಮಾನು ಕಟ್ಟಿದ್ದರೆ, ಪ್ಲಗ್ ತೆಗೆದು ಕೋಲಿನಿಂದ ಕದಡಿ. ಬುಡದಲ್ಲಿ ಪುಡಿ ಗಟ್ಟಿಯಾಗಿದ್ದರೆ ಹಾಪರ್ ಬರಿದು ಮಾಡಿ ಆ ಪುಡಿಯನ್ನು ತೆಗೆಯಬೇಕು. ಪೆಲೆಟ್ ಬಿದ್ದರೂ ಹೊಗೆಯೇ ಏಳದಿದ್ದರೆ ಇಗ್ನೈಟರ್ ಸುಟ್ಟಿರಬಹುದು. ಅದು ಸವೆಯುವ ಭಾಗ, ಬದಲಾಯಿಸಲೆಂದೇ ಇರುವುದು.

ಒಂದು ಪ್ರಯತ್ನ ಸೋತ ಮೇಲೆ ಬಟ್ಟಲಿನಲ್ಲಿ ರಾಶಿಬಿದ್ದ ಪೆಲೆಟ್ ತೆಗೆಯದೆ ಮತ್ತೆ ಗುಂಡಿ ಒತ್ತಬೇಡಿ. ಆ ರಾಶಿ ಮೊದಲು ಹೊಗೆಯಾಡಿ ಒಲೆಯೊಳಗೆಲ್ಲ ದಟ್ಟ ಹೊಗೆ ತುಂಬುತ್ತದೆ. ಅದಕ್ಕೆ ಒಮ್ಮೆಲೇ ಬೆಂಕಿ ತಗುಲಿದರೆ ಗಾಜು ಒಡೆಯುವಷ್ಟು ಜೋರಾಗಿ ಸಿಡಿಯಬಹುದು. ಒಳಗೆ ದಟ್ಟ ಹೊಗೆ ಕಂಡರೆ ಬಾಗಿಲು ತೆರೆಯದೆ, ಪ್ಲಗ್ ಕೀಳದೆ ದೂರ ನಿಂತು, ಫ್ಯಾನ್ ಅದನ್ನು ಎಳೆದು ಮುಗಿಸುವವರೆಗೆ ಕಾಯಿರಿ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವ ಯೋಚನೆಯೂ ಸುಳಿಯದಿರಲಿ.

ಚೆನ್ನಾಗಿ ಉರಿಯುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ತಾನೇ ನಿಂತರೆ, ಬಿಸಿಯ ಸೆನ್ಸರ್ ಮೇಲೆ ಬೂದಿ ಮೆತ್ತಿ ಅದಕ್ಕೆ ಬೆಂಕಿಯ ಸುಳಿವೇ ಸಿಕ್ಕಿರಲಿಕ್ಕಿಲ್ಲ. ಇನ್ನೊಂದು ಸಾಮಾನ್ಯ ಕಾರಣ ವ್ಯಾಕ್ಯೂಮ್ ಸ್ವಿಚ್‌ಗೆ ಹೋಗುವ ತೆಳ್ಳನೆಯ ರಬ್ಬರ್ ಕೊಳವೆ: ಅದು ಬಿರಿದಿರಬಹುದು, ಕಳಚಿರಬಹುದು, ಒಲೆಗೆ ಸೇರುವ ತುದಿಯಲ್ಲಿ ಬೂದಿ ಕಟ್ಟಿರಬಹುದು. ಕೊಳವೆಯನ್ನು ಬಿಡಿಸಿ ಒಲೆಯ ಕಡೆಯ ತೂತಿಗೆ ಮಾತ್ರ ತಂತಿ ತೂರಿಸಿ. ಸ್ವಿಚ್ಚಿನ ಕಡೆಗೆ ಬಾಯಿಂದ ಊದಬೇಡಿ, ಒಳಗಿನ ಪೊರೆ ಹರಿಯುತ್ತದೆ. ಬಿಸಿ ಮಿತಿಯ ಸ್ವಿಚ್ ಪದೇ ಪದೇ ಬೀಳುತ್ತಿದ್ದರೆ ಕೋಣೆಗೆ ಗಾಳಿ ಬೀಸುವ ಫ್ಯಾನ್ ಧೂಳು ಹಿಡಿದಿದೆ ಇಲ್ಲವೇ ಸಾಯುತ್ತಿದೆ.

ಕರೆಂಟ್ ಮತ್ತು ಕಾಣದ ಅನಿಲ

ಕರೆಂಟ್ ಹೋದರೆ ಹೊಗೆ ಎಳೆಯುವ ಫ್ಯಾನೂ ನಿಲ್ಲುತ್ತದೆ, ಬಟ್ಟಲಿನಲ್ಲಿ ಉಳಿದದ್ದು ಮಾತ್ರ ಉರಿಯುತ್ತಲೇ ಇರುತ್ತದೆ. ಹೊಗೆಕೊಳವೆ ಕೆಲವು ಅಡಿ ನೇರ ಮೇಲೇರಿದ್ದರೆ ಹೊಗೆ ಬಹುಮಟ್ಟಿಗೆ ತಾನೇ ಹೊರಹೋಗುತ್ತದೆ. ಗೋಡೆಯಿಂದ ಅಡ್ಡಲಾಗಿ ಹೊರಟಿದ್ದರೆ ಮನೆಯೊಳಗೆ ನುಸುಳಬಹುದು. ಒಲೆಯ ಬಾಗಿಲು ತೆರೆಯಬೇಡಿ, ಮನೆಯ ಕಿಟಕಿ ತೆರೆಯಿರಿ. ಆಗಾಗ ಕರೆಂಟ್ ಹೋಗುವ ಕಡೆ ಬ್ಯಾಟರಿ ಬೆಂಬಲ ಒಳ್ಳೆಯದು. ಹೊತ್ತಿಸುವಾಗ ಇಗ್ನೈಟರ್ ಕೆಲವು ನೂರು ವಾಟ್ ಎಳೆಯುತ್ತದೆ, ಆಮೇಲಿನ ಓಟಕ್ಕೆ ಸಾಲುವುದು ಅದಕ್ಕಿಂತ ತೀರ ಕಡಿಮೆ. ಶುದ್ಧ ಸೈನ್ ವೇವ್ ಇನ್ವರ್ಟರ್ ಕೇಳಿ ಪಡೆಯಿರಿ, ಅಗ್ಗದವು ಮೋಟಾರಿಗೂ ಬೋರ್ಡಿಗೂ ಒಗ್ಗುವುದಿಲ್ಲ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರತಿ ಮಹಡಿಯಲ್ಲೂ ಮಲಗುವ ಕೋಣೆಗಳ ಬಳಿಯೂ ಅದರ ಅಲಾರ್ಮ್ ಇರಲೇಬೇಕು, ಹೊಗೆಯ ಅಲಾರ್ಮ್ ಬೇರೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಹಗುರವೆನಿಸಿದರೆ ಜ್ವರವೆಂದು ಮಲಗಬೇಡಿ. ಎಲ್ಲರೂ ಹೊರಬಂದು, ಹೊರಗಿನಿಂದಲೇ ತುರ್ತು ಸಂಖ್ಯೆಗೆ ಕರೆ ಮಾಡಿ.

ಉಳಿದವು ಚಿಕ್ಕ ಮಾತುಗಳು. ಬಾಡಿಗೆ ಮನೆಯಾದರೆ ವಾರ್ಷಿಕ ಶುಚಿಯ ಹೊಣೆ ಯಾರದು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಸ್ವಂತ ಮನೆಯಾದರೆ ಒಲೆಯಿರುವ ವಿಷಯ ವಿಮೆಯವರಿಗೆ ತಿಳಿಸಿ. ಬಟ್ಟೆ ಒಣಗಿಸುವ ಯಂತ್ರದ ತೆಳು ಕೊಳವೆಯನ್ನು ಹೊಗೆಗೆ ಜೋಡಿಸಿದ್ದು ಕಂಡರೆ ಆ ಒಲೆ ಹೊತ್ತಿಸಲೇಬೇಡಿ, ಪೆಲೆಟ್ ಒಲೆಗೆಂದೇ ಪ್ರಮಾಣೀಕರಿಸಿದ ಕೊಳವೆ ಬೇರೆ ಇದೆ. ಅಂಬೆಗಾಲಿಡುವ ಮಕ್ಕಳಿದ್ದರೆ ಮುಂದೆ ಜಾಲರಿ ಕಟ್ಟೆ ಹಾಕಿ. ಗಾಜು ಕೈ ಸುಡುತ್ತದೆ. ಚಳಿಗಾಲ ಮುಗಿದ ಮೇಲೆ ಹಾಪರ್ ಖಾಲಿ ಮಾಡಿ, ಬೂದಿ ಪೂರ್ತಿ ತೆಗೆದು, ಪ್ಲಗ್ ಕಿತ್ತಿಡಿ. ಬೂದಿ ಒಳಗೇ ಉಳಿದರೆ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮತ್ತೆ ಹೊತ್ತಿಸುವ ಮುನ್ನ ಹೊರಗಿನ ಕೊಳವೆಯ ಬಾಯಿಯಲ್ಲಿ ಹಕ್ಕಿಯೋ ಕಣಜವೋ ಗೂಡು ಕಟ್ಟಿದೆಯೇ ನೋಡಿ.